ಸೆಗಣಿಯ ರಾಶಿಯೂ ಕಾಡಿನ ಕಾನೂನೂ

ದೀಪಾವಳಿ ಮುಗಿದ ಬೆನ್ನಿಗೇ ಪ್ರತಿ ವರ್ಷ ಪತ್ರಿಕೆಗಳಲ್ಲಿ ಒಂದು ಚಿತ್ರ ಬಂದೇ ಬರುತ್ತದೆ. ಮೈಮೇಲೆ ಅಂಗಿಯಿಲ್ಲದ ಗಂಡಸರು ಮತ್ತು ಹುಡುಗರು ಸೆಗಣಿಯ ದೊಡ್ಡ ರಾಶಿಯೊಂದರಲ್ಲಿ ನಿಂತು, ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆಯುತ್ತಿರುವ ಚಿತ್ರ. ಒಮ್ಮೆ ಆ ಚಿತ್ರ ನಮ್ಮ ಮೇಜಿನ ಮೇಲಿದ್ದಾಗ ಕಂಗಿನ ತೋಟವಿರುವ ಹಿರಿಯ ಮಿತ್ರರೊಬ್ಬರು ಬಂದರು. ಕನ್ನಡಕ ಸರಿಪಡಿಸಿಕೊಂಡು ನೋಡಿದರು.

"ಇದೆಂತದು ಮಾರಾಯ್ರೆ! ಒಂದು ಬುಟ್ಟಿ ಹಟ್ಟಿಗೊಬ್ಬರಕ್ಕೆ ನಾವು ಊರೆಲ್ಲ ಹುಡುಕುತ್ತಾ ಇದ್ದೇವೆ. ಇವರು ಲೋಡುಗಟ್ಟಲೆ ಬಿಸಾಡಿ ಆಡುವುದಾ?"

ಈ ಚಿತ್ರವನ್ನು ನೋಡಿದ ಹೆಚ್ಚಿನವರು 'ಛೀ' ಎಂದು ಪುಟ ಮಗುಚುತ್ತಾರೆ. ಹೊರದೇಶದ ಪತ್ರಿಕೆಗಳು ಸ್ಪೇನಿನ ಟೊಮೆಟೊ ಎಸೆತದ ಹಬ್ಬಕ್ಕೆ ಹೋಲಿಸಿ ನಕ್ಕು ಸುಮ್ಮನಾಗುತ್ತವೆ. ನಮ್ಮ ಮಿತ್ರರು ಮಾತ್ರ ಅದರಲ್ಲಿ ಹೇಸಿಗೆಯನ್ನು ಕಾಣಲಿಲ್ಲ, ತಮಾಷೆಯನ್ನೂ ಕಾಣಲಿಲ್ಲ. ಕೃಷಿಕನ ಕಣ್ಣಿನಿಂದ ನೋಡಿ, ಅದು ಸಂಪತ್ತು ಎಂದು ತಿಳಿದರು. ಅವರ ಪ್ರಶ್ನೆಗೆ ಅಂದು ನಾವು ಕೊಟ್ಟ ಉತ್ತರ ಚಿಕ್ಕದು: "ಬಿಸಾಡುವುದಿಲ್ಲ, ಹಬ್ಬ ಮುಗಿದ ಮೇಲೆ ಗದ್ದೆ ಹೊಲಗಳಿಗೆ ಒಯ್ಯುತ್ತಾರೆ." ಆದರೆ ಆ ಸಂಪತ್ತು ಎಲ್ಲಿಂದ ಬಂತು, ಮುಂದೆಯೂ ಬರುವುದೇ, ಬರಬೇಕೋ ಬೇಡವೋ ಎಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರ ಅಷ್ಟು ಚಿಕ್ಕದಲ್ಲ. ಇಂದು ಅದನ್ನೇ ಓದುಗರ ಮುಂದಿಡಲು ಬಯಸುತ್ತೇವೆ.

ನಮ್ಮಂತೆಯೇ ಒಂದು ಗಡಿನಾಡು

ಚಿತ್ರದ ಆ ಊರು ಗುಮಟಾಪುರ. ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ಸೀಮೆಯಲ್ಲಿ, ಕರ್ನಾಟಕದ ಚಾಮರಾಜನಗರ ಜಿಲ್ಲೆಗೆ ತಾಗಿಕೊಂಡಂತೆ ಇದೆ. ಸತ್ಯಮಂಗಲದ ಬಯಲಿನಿಂದ ಹೊರಟವರು ಬಣ್ಣಾರಿ ಅಮ್ಮನ ಗುಡಿ ದಾಟಿ, ದಿಂಬಂ ಘಾಟಿಯ 27 ಹಿಮ್ಮುರಿ ತಿರುವುಗಳನ್ನು ಹತ್ತಿ, ಹಾಸನೂರಿನ ಕಾಡಿನ ನಡುವೆ ಸಾಗಿ ಈ ಪ್ರಸ್ಥಭೂಮಿಯನ್ನು ಸೇರಬೇಕು. ಸುತ್ತ ಬೆಟ್ಟ, ಬೆಟ್ಟದ ತುಂಬ ಕಾಡು, ನಡುವೆ ರಾಗಿ, ಜೋಳ, ಅರಸಿನ, ಬಾಳೆ, ತರಕಾರಿ ಬೆಳೆಯುವ ಹೊಲಗಳು. ಜಿಲ್ಲೆಯ ಕೇಂದ್ರವಾದ ಈರೋಡು 100 ಕಿಲೋಮೀಟರಿಗೂ ದೂರ. ಚಾಮರಾಜನಗರದ ಪೇಟೆಯೇ ಇವರಿಗೆ ಹತ್ತಿರ. ಮನೆಯ ಮಾತು ಬಹುಪಾಲು ಕನ್ನಡ. ಬೆಟ್ಟದ ಸೋಲಿಗರ ನುಡಿಯೂ ಕನ್ನಡದ ಹತ್ತಿರದ ಬಂಧುವೇ. ಅವರಲ್ಲದೆ ಊರಾಳಿಗರು ಇಲ್ಲಿನ ಕಾಡಿನ ಹಳೆಯ ನಿವಾಸಿಗಳು. ವರನಟ ರಾಜಕುಮಾರರು ಹುಟ್ಟಿದ ಗಾಜನೂರು ಇದೇ ಸೀಮೆಯದು. 2000ನೇ ಇಸವಿಯ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಅಲ್ಲಿಂದಲೇ ಅಪಹರಿಸಿದ. ಅವರು ಬಿಡುಗಡೆಯಾಗಿ ಬರುವಾಗ 108 ದಿನಗಳು ಕಳೆದಿದ್ದವು. ತಾಳವಾಡಿಯ ಹೆಸರನ್ನು ನಮ್ಮಲ್ಲಿ ಅನೇಕರು ಮೊದಲು ಕೇಳಿದ್ದು ಆಗಲೇ ಇರಬೇಕು.

ಕಾಸರಗೋಡಿನ ಓದುಗರಿಗೆ ಈ ನಾಡಿನ ಸ್ಥಿತಿಯನ್ನು ಬಿಡಿಸಿ ಹೇಳಬೇಕಾದ್ದಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅದೇ ದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರಿಗೆ ಹೋಯಿತು. ಪಕ್ಕದಲ್ಲಿದ್ದ ತಾಳವಾಡಿ ಮಾತ್ರ ಮದರಾಸಿನಲ್ಲೇ ಉಳಿಯಿತು. ಆಮೇಲೆ 1979ರಲ್ಲಿ ಕೊಯಮತ್ತೂರನ್ನು ಒಡೆದು ಹೊಸ ಜಿಲ್ಲೆ ಮಾಡಿದರು. ಈಗ ಅದರ ಹೆಸರು ಈರೋಡು. ತಾಳವಾಡಿ ತಾನೇ ಒಂದು ತಾಲೂಕಾದುದು 2016ರಲ್ಲಿ. ಮನೆಯಲ್ಲಿ ಒಂದು ಮಾತು, ಕಚೇರಿಯ ಕಾಗದದಲ್ಲಿ ಇನ್ನೊಂದು ಮಾತು ಎಂಬ ಬಾಳು ನಮಗೂ ಅವರಿಗೂ ಸಮಾನ. ಹಾಗಾಗಿ ಅಲ್ಲಿನ ಸಂಗತಿ ನಮಗೆ ದೂರದ್ದಲ್ಲ.

ಗೊರೆ ಹಬ್ಬ

ಗುಮಟಾಪುರದ ಹಬ್ಬಕ್ಕೆ ಗೊರೆ ಹಬ್ಬ ಎಂದು ಹೆಸರು. ದನ ಕಟ್ಟಿರುವ ಮನೆಮನೆಯಿಂದ ಸೆಗಣಿ ಸಂಗ್ರಹಿಸುತ್ತಾರೆ. ಹಿಂದೆ ಗಾಡಿಯಲ್ಲಿ ತರುತ್ತಿದ್ದುದನ್ನು ಈಗ ಟ್ರ್ಯಾಕ್ಟರಿನಲ್ಲಿ ತಂದು ಬೀರೇಶ್ವರನ ಗುಡಿಯ ಬಳಿ ರಾಶಿ ಹಾಕುತ್ತಾರೆ. ಹಬ್ಬದ ದಿನ 'ಚಾಡಿಕೋರ'ನ ವೇಷ ಹಾಕಿಸಿ ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ತರುತ್ತಾರೆ. ಊರಿನೊಳಗೆ ಒಬ್ಬರ ಮೇಲೊಬ್ಬರಿಗೆ ಚಾಡಿ ಹೇಳಿ ಜಗಳ ಹಚ್ಚುವವನ ಸಂಕೇತ ಅವನು. ಗುಡಿಯಲ್ಲಿ ಪೂಜೆಯಾದ ಮೇಲೆ ರಾಶಿಗಿಳಿಯುತ್ತಾರೆ, ಎಸೆದಾಡುತ್ತಾರೆ. ಹೆಂಗಸರು, ನೆಂಟರು ಮಾಳಿಗೆ ಜಗಲಿಗಳ ಮೇಲೆ ನಿಂತು ನೋಡುತ್ತಾರೆ. ಕೊನೆಗೆ ಎಲ್ಲರೂ ಕೆರೆಗೆ ಹೋಗಿ ಮಿಂದು ಬರುತ್ತಾರೆ. ಚಾಡಿಕೋರನ ಪ್ರತಿಕೃತಿಯನ್ನು ಸುಡುತ್ತಾರೆ. ಮೈಗೆ ಸೆಗಣಿ ತಾಗಿದರೆ ರೋಗ ಹೋಗುತ್ತದೆ ಎಂಬುದು ಊರವರ ನಂಬಿಕೆ. ಅದು ನಂಬಿಕೆಯೇ ಹೊರತು ವೈದ್ಯರ ಮಾತಲ್ಲ.

ಈ ಹಬ್ಬದ ಹಿಂದೆ ಒಂದು ಕಥೆಯಿದೆ. ಹಿಂದೊಮ್ಮೆ ಊರ ಗೌಡರ ಮನೆಯಲ್ಲಿ ದುಡಿಯುತ್ತಿದ್ದ ಜೋಗಿಯೊಬ್ಬ ಸತ್ತುಹೋದನಂತೆ. ಅವನ ಜೋಳಿಗೆ, ಸಾಮಾನುಗಳನ್ನು ತಿಪ್ಪೆಗೆ ಎಸೆದರಂತೆ. ಮುಂದೊಂದು ದಿನ ಆ ತಿಪ್ಪೆಯ ಮೇಲೆ ಗಾಡಿಯ ಗಾಲಿ ಹಾದಾಗ ಲಿಂಗವೊಂದಕ್ಕೆ ತಾಗಿ ರಕ್ತ ಬಂತಂತೆ. ಗೌಡರ ಕನಸಿನಲ್ಲಿ ದೇವರು ಕಾಣಿಸಿ, ದೀಪಾವಳಿ ಕಳೆದ ಮೇಲೆ ಸೆಗಣಿಯಿಂದಲೇ ತನಗೆ ಹಬ್ಬ ಮಾಡಬೇಕು ಎಂದು ಹೇಳಿದನಂತೆ. ಕಥೆಯ ವಿವರ ಹೇಳುವವರಿಂದ ಹೇಳುವವರಿಗೆ ಸ್ವಲ್ಪ ಬೇರೆಯಾಗುತ್ತದೆ. ಆದರೆ ತಿರುಳು ಒಂದೇ: ಕಸವೆಂದು ಬಿಸಾಡಿದ ಜಾಗದಲ್ಲಿ ದೇವರಿದ್ದ.

ಬೀರೇಶ್ವರ ಕನ್ನಡ ನಾಡಿನಲ್ಲೆಲ್ಲ ಕುರಿ ಕಾಯುವವರ ದೈವವೆಂದು ಪ್ರಸಿದ್ಧ. ಮೇವು, ದೊಡ್ಡಿ, ಗೊಬ್ಬರ ಇವುಗಳ ದೇವರಿಗೆ ಗೊಬ್ಬರದಲ್ಲೇ ಹಬ್ಬ ನಡೆಯುವುದು ಸಹಜವೇ ಆಗಿದೆ.

ಪಂಡಿತರು ಏನನ್ನುತ್ತಾರೆ?

ಮಾನವಶಾಸ್ತ್ರವೆಂದರೆ ತಲೆಬುರುಡೆ ಅಳೆಯುವ ವಿದ್ಯೆ ಎಂದು ಕೆಲವರು ಭಾವಿಸಿದ್ದಾರೆ. ಆ ಕಾಲ ಹೋಯಿತು. ಜನರು ಮಾಡುವ ಕೆಲಸಕ್ಕೆ ಅವರದೇ ಆದ ಅರ್ಥವೇನು, ಅದರಿಂದ ಅವರ ಬಾಳಿಗೆ ಏನು ಉಪಯೋಗ ಎಂದು ಹುಡುಕುವುದು ಈಗಿನ ಮಾನವಶಾಸ್ತ್ರದ ಕೆಲಸ. 1966ರಲ್ಲಿ ಈ ವಿದ್ಯೆಯ ಇಬ್ಬರು ದೊಡ್ಡ ವಿದ್ವಾಂಸರು ನಮ್ಮ ವಿಷಯಕ್ಕೆ ಬೇಕಾದ ಎರಡು ಬರಹಗಳನ್ನು ಪ್ರಕಟಿಸಿದರು.

ಇಂಗ್ಲೆಂಡಿನ ಮೇರಿ ಡಗ್ಲಾಸ್ ಮಡಿ ಮೈಲಿಗೆಗಳ ಬಗ್ಗೆ ಬರೆದರು. ಕೊಳೆ ಎಂಬುದು ವಸ್ತುವಿನ ಗುಣವಲ್ಲ, ಅದು ಇರಬಾರದ ಜಾಗದಲ್ಲಿ ಇರುವುದರಿಂದ ನಮಗೆ ಕೊಳೆಯಾಗಿ ಕಾಣುತ್ತದೆ ಎಂಬುದು ಅವರ ವಾದ. ಸೆಗಣಿಯ ಬಗ್ಗೆ ಯೋಚಿಸಿದರೆ ಮಾತು ಕೂಡಲೇ ಹೊಳೆಯುತ್ತದೆ. ಅಂಗಳಕ್ಕೆ ಸಾರಿಸಿದಾಗ ಶುದ್ಧಿ, ಕಂಗಿನ ಬುಡದಲ್ಲಿ ಗೊಬ್ಬರ, ಪೇಟೆಯ ಬೀದಿಯಲ್ಲಿ ಕೊಳೆ, ಗುಮಟಾಪುರದಲ್ಲಿ ಒಂದು ದಿನದ ಮಟ್ಟಿಗೆ ದೇವರ ಪ್ರಸಾದ!

ಅಮೆರಿಕದ ಮಾರ್ವಿನ್ ಹ್ಯಾರಿಸ್ ಭಾರತದ ಗೋವಿನ ಬಗ್ಗೆ ಬರೆದರು. ಭಾರತೀಯರು ಉಪಯೋಗವಿಲ್ಲದ ದನಗಳನ್ನು ಧರ್ಮದ ಕಾರಣಕ್ಕೆ ಸಾಕಿ ಬಡವರಾಗಿದ್ದಾರೆ ಎಂಬ ಆಗಿನ ತಜ್ಞರ ಅಭಿಪ್ರಾಯವನ್ನು ಅವರು ಒಪ್ಪಲಿಲ್ಲ. ಉಳುವ ಎತ್ತು ಹುಟ್ಟುವುದು ಆ ಬಡಕಲು ಹಸುವಿನಿಂದ. ಉರುವಲು, ನೆಲ ಸಾರಿಸುವ ಸಾಧನ, ಗೊಬ್ಬರ ಎಲ್ಲವೂ ಅದರ ಸೆಗಣಿಯೇ. ಮನುಷ್ಯ ತಿನ್ನಲಾಗದ ಹುಲ್ಲನ್ನು ಅದು ಮನುಷ್ಯನಿಗೆ ಬೇಕಾದುದಾಗಿ ಮಾರ್ಪಡಿಸುತ್ತದೆ ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ನಂಬಿಕೆಯನ್ನು ಬರೀ ಹೊಟ್ಟೆಪಾಡಿನ ಲೆಕ್ಕಕ್ಕೆ ಇಳಿಸಿದರು ಎಂಬ ಟೀಕೆ ಅವರ ಮೇಲಿದೆ. ಟೀಕೆಯಲ್ಲೂ ಹುರುಳಿದೆ. ಆದರೆ ಅವರು ಎತ್ತಿದ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ಹುಲ್ಲು ಎಲ್ಲಿಯದು?

ಹುಲ್ಲು ಎಲ್ಲಿಯದು?

ದನ ಎಲ್ಲಿ ಮೇಯುತ್ತದೆ ಎಂಬುದು ತಾಳವಾಡಿ ಸೀಮೆಯಲ್ಲಿ ಊರಿನಿಂದ ಊರಿಗೆ ಬೇರೆ. ಬಯಲಿನ ಊರುಗಳಲ್ಲಿ ಹೊಲದ ಬದು, ಕೊಯ್ದ ಹೊಲದ ಕೂಳೆ, ಜೋಳದ ದಂಟು ಇವೇ ಮೇವು. ಕಾಡಂಚಿನ ಊರುಗಳಲ್ಲಿ, ಬೆಟ್ಟದ ಹಾಡಿಗಳಲ್ಲಿ ಬೆಳಿಗ್ಗೆ ದನ ಬಿಟ್ಟರೆ ಅದು ಹೋಗುವುದು ಕಾಡಿಗೆ. ಇದು ಇಂದು ನಿನ್ನೆಯ ರೂಢಿಯಲ್ಲ. ಪೂರ್ವಕ್ಕೆ ಅದೇ ಜಿಲ್ಲೆಯ ಬರಗೂರು ಬೆಟ್ಟಗಳಲ್ಲಿ ಕನ್ನಡವಾಡುವ ಲಿಂಗಾಯತ ದನಗಾಹಿಗಳು ಕಾಡಿನೊಳಗೆ ದೊಡ್ಡಿ ಹಾಕಿ ಸಾಕಿ ಬಂದ ತಳಿಗೆ ಬರಗೂರು ತಳಿ ಎಂದೇ ಹೆಸರು. ಕಂದು ಮೈಮೇಲೆ ಬಿಳಿ ಮಚ್ಚೆಗಳ, ಬೆಟ್ಟ ಹತ್ತುವ ಚುರುಕಿನ ದನಗಳು ಅವು.

ಈ ಕಾಡಿನ ಮೇಲೆ ಕಾನೂನಿನ ಗೆರೆಗಳು ಬೇಗಬೇಗನೆ ಬಿದ್ದವು. 2008ರಲ್ಲಿ ಸತ್ಯಮಂಗಲ ವನ್ಯಜೀವಿಧಾಮ ಘೋಷಣೆಯಾಯಿತು. 2011ರಲ್ಲಿ ಅದನ್ನು 1,400 ಚದರ ಕಿಲೋಮೀಟರಿಗೂ ಮೀರಿ ಹಿಗ್ಗಿಸಿದರು. 2013ರ ಮಾರ್ಚಿನಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಸುಮಾರು 793 ಚದರ ಕಿಲೋಮೀಟರು ತಿರುಳು ವಲಯ, ಸುಮಾರು 615 ಚದರ ಕಿಲೋಮೀಟರು ಅಂಚಿನ ವಲಯ. ಐದೇ ವರ್ಷಗಳಲ್ಲಿ ತಾಳವಾಡಿ ಬೆಟ್ಟಗಳ ಜನ ತಾವು ಕದಲದೆ ಇದ್ದಲ್ಲೇ ಹುಲಿಯ ನಾಡಿನವರಾದರು.

2022ರ ಮಾರ್ಚಿನಲ್ಲಿ ಮದರಾಸು ಹೈಕೋರ್ಟು ತಮಿಳುನಾಡಿನ ಕಾಡುಗಳಲ್ಲಿ ದನ ಮೇಯಿಸುವುದನ್ನೇ ನಿಷೇಧಿಸಿತು. ಮೊದಲ ಆದೇಶ ಎಲ್ಲ ಕಾಡುಗಳಿಗೂ ಅನ್ವಯವಾಗುವಂತಿತ್ತು. ಕೂಗೆದ್ದ ಮೇಲೆ ಅದೇ ತಿಂಗಳು ಅದನ್ನು ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮ, ಹುಲಿ ಸಂರಕ್ಷಿತ ಪ್ರದೇಶಗಳಿಗೆ ಸೀಮಿತಗೊಳಿಸಿದರು. ರಾಜ್ಯದ ಬೇರೆ ಕಡೆಯ ದನಗಾಹಿಗಳಿಗೆ ಅದರಿಂದ ಸಮಾಧಾನವಾಗಿರಬಹುದು. ಸುತ್ತಲ ಕಾಡೇ ಹುಲಿಯದಾಗಿರುವ ತಾಳವಾಡಿಗೆ ಸಮಾಧಾನ ಎಲ್ಲಿಂದ ಬರಬೇಕು? 2024ರ ಜನವರಿಯಲ್ಲಿ ಬರಗೂರು ಬೆಟ್ಟದ ಕಡೆಯಲ್ಲೂ ತಂದೆ ಪೆರಿಯಾರ್ ವನ್ಯಜೀವಿಧಾಮ ಘೋಷಣೆಯಾಯಿತು. ಅದರ ವಿಸ್ತಾರ 805 ಚದರ ಕಿಲೋಮೀಟರಿಗೂ ಹೆಚ್ಚು. ಅಲ್ಲಿನ ದನಗಾಹಿಗಳಿಗೂ ಈಗ ಅದೇ ಚಿಂತೆ.

ಅರಣ್ಯ ಇಲಾಖೆಯ ಮಾತೂ ಇದೆ

ಇಷ್ಟು ಓದಿ, ಇಲಾಖೆಯವರೇ ಖಳನಾಯಕರು ಎಂದು ಯಾರೂ ತೀರ್ಮಾನಿಸಬಾರದು. ಅವರ ಪಕ್ಷದಲ್ಲಿ ಬಲವಾದ ವಾದಗಳಿವೆ. ಜಿಂಕೆ, ಕಾಟಿ, ಆನೆ ಮೇಯುವ ಹುಲ್ಲನ್ನೇ ದನಗಳೂ ಮೇಯುತ್ತವೆ. ದನಗಳಿಂದ ಕಾಡುಪ್ರಾಣಿಗಳಿಗೆ ರೋಗ ಹರಡುತ್ತದೆ. 1968ರಲ್ಲಿ ಬಂಡೀಪುರ, ಮುದುಮಲೆಯ ಕಾಡುಗಳಲ್ಲಿ ದೊಡ್ಡರೋಗ ಬಂದು ಕಾಟಿಗಳು ಹಿಂಡುಹಿಂಡಾಗಿ ಸತ್ತವು. ಆ ರೋಗ 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತು ನಿಜ. ಆದರೆ ಕಾಲುಬಾಯಿ ರೋಗ, ಆಂಥ್ರಾಕ್ಸ್ ಇಂದಿಗೂ ಇವೆ. ರಕ್ಷಣೆ ಸಿಕ್ಕಿದ್ದರ ಫಲವೂ ಕಾಣುತ್ತಿದೆ. 2011ರ ಸುಮಾರಿಗೆ ಸತ್ಯಮಂಗಲದ ಕಾಡಿನಲ್ಲಿ 25ರಷ್ಟಿದ್ದ ಹುಲಿಗಳು 80ರಷ್ಟಾದವೆಂದು 2022ರಲ್ಲಿ ಅಂತಾರಾಷ್ಟ್ರೀಯ ಪುರಸ್ಕಾರವೂ ಬಂತು. ಇದು ನಾವೆಲ್ಲ ಸಂತೋಷಪಡಬೇಕಾದ ಸಂಗತಿ.

ಇನ್ನೂ ಸೂಕ್ಷ್ಮವಾದ ಒಂದು ವಿಷಯವಿದೆ. ಅದು ನಮ್ಮಂಥ ತೋಟದವರಿಗೇ ತಟ್ಟುವಂಥದು. ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ಪರಿಸರ ವಿಜ್ಞಾನಿ ಎಂ. ಡಿ. ಮಧುಸೂದನ್ ನಡೆಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಹಿಂದೆ ಊರಿನ ಹೊಲಕ್ಕೇ ಬೀಳುತ್ತಿದ್ದ ಸೆಗಣಿ 1990ರ ದಶಕದಲ್ಲಿ ಲಾರಿ ಹತ್ತಿ ಕಾಫಿ ತೋಟಗಳಿಗೆ ಹೋಗತೊಡಗಿತು. ಜಗತ್ತಿನ ಪೇಟೆಯಲ್ಲಿ ಕಾಫಿಗೆ ಬೆಲೆ ಏರಿದಾಗ ತೋಟದವರು ಗೊಬ್ಬರಕ್ಕೆ ಹೆಚ್ಚು ಹಣ ಕೊಟ್ಟರು. ಹಳ್ಳಿಯವರು ಸೆಗಣಿಗಾಗಿಯೇ ಹೆಚ್ಚು ದನ ಕಟ್ಟಿದರು. ಆ ದನಗಳೆಲ್ಲ ಮೇದದ್ದು ಹುಲಿಯ ಕಾಡಿನಲ್ಲಿ. ಅಂದರೆ ದೂರದ ಪೇಟೆಯ ಕಾಫಿಯ ಬೆಲೆ ಬಂಡೀಪುರದ ಹುಲ್ಲನ್ನು ಬೋಳಿಸಿತು! ಕಾಡಿನ ಸಾರ ಲಾರಿಯಲ್ಲಿ ಹೊರಟುಹೋಯಿತು.

ಈ ಅಧ್ಯಯನವನ್ನು ಸರಿಯಾಗಿ ಓದಿದರೆ ಗುಮಟಾಪುರದ ರಾಶಿಯ ಅರ್ಥ ಇನ್ನೂ ಸ್ಪಷ್ಟವಾಗುತ್ತದೆ. ಊರಿನ ಸೆಗಣಿ ಊರಿನ ಗುಡಿಯ ಮುಂದೆ ಬಿದ್ದು ಊರಿನ ಹೊಲಕ್ಕೇ ಹೋಗುವುದು ಒಂದು ವ್ಯವಸ್ಥೆ. ಅದಕ್ಕೆ ತಾನಾಗಿಯೇ ಒಂದು ಮಿತಿಯಿದೆ, ಹೊಲಕ್ಕೆ ಬೇಕಾದಷ್ಟು ಗೊಬ್ಬರ, ಅದಕ್ಕೆ ಬೇಕಾದಷ್ಟು ದನ. ಅದೇ ಸೆಗಣಿ ಲಾರಿ ಹತ್ತಿ ದೂರ ಹೋಗುವುದು ಇನ್ನೊಂದು ವ್ಯವಸ್ಥೆ. ಅದಕ್ಕೆ ಮಿತಿಯಿಲ್ಲ. ಹೊರಗಿನ ಕಣ್ಣಿಗೆ ಎರಡೂ 'ಕಾಡಿನಲ್ಲಿ ದನ'ವೇ. ಎರಡನ್ನೂ ಒಂದೇ ಆದೇಶದಿಂದ ನಿಲ್ಲಿಸಿದರೆ ತಪ್ಪಿಲ್ಲದವನಿಗೆ ಮೊದಲು ಪೆಟ್ಟು ಬೀಳುತ್ತದೆ.

ಬೆಂಕಿ, ಲಂಟಾನ, ರಣಹದ್ದು

ಹುಲ್ಲು ಕಡಿಮೆಯಾದದ್ದಕ್ಕೆ ದನವೊಂದೇ ಕಾರಣವೂ ಅಲ್ಲ. ತಾಳವಾಡಿಯ ಉತ್ತರಕ್ಕೆ ತಾಗಿಕೊಂಡಿರುವ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಗೆಯ ಆರಂಭದಲ್ಲಿ ನೆಲದ ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಮರಕ್ಕೆ ತಾಗದಂತೆ ನೆಲಮಟ್ಟದಲ್ಲಿ ಹರಿದು ಆರುವ ಬೆಂಕಿ ಅದು. ಹೊಸ ಹುಲ್ಲು ಚಿಗುರುತ್ತಿತ್ತು, ಪೊದೆ ಹಬ್ಬುತ್ತಿರಲಿಲ್ಲ, ನೆಲ್ಲಿಯ ಮರಕ್ಕೆ ಹತ್ತುವ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು ಎಂದು ಅವರು ಹೇಳುತ್ತಾರೆ. 1974ರಲ್ಲಿ ಅದು ವನ್ಯಜೀವಿಧಾಮವಾದ ಮೇಲೆ ಬೆಂಕಿಯೂ ನಿಂತಿತು, ಅಲೆದಾಡಿ ಬೇಸಾಯ ಮಾಡುವುದೂ ನಿಂತಿತು.

ಬಳಿಕ ಬಂದದ್ದು ಲಂಟಾನ. ಅಮೆರಿಕ ಖಂಡದ ಈ ಹೂವಿನ ಗಿಡವನ್ನು ಆಂಗ್ಲರು 19ನೇ ಶತಮಾನದಲ್ಲಿ ಅಂದಕ್ಕೆಂದು ತಂದರು. ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಲ್ಲೂ 2008ರಲ್ಲೂ ಅದೇ ಜಾಗಗಳನ್ನು ಅಳೆದು ನೋಡಿದ ಸಂಶೋಧಕರಿಗೆ ಅದು ಹನ್ನೊಂದು ವರ್ಷಗಳಲ್ಲಿ ಸುಮಾರು ಇಮ್ಮಡಿ ಜಾಗಕ್ಕೆ ಹಬ್ಬಿದ್ದು ಕಂಡಿತು. ಲಂಟಾನದ ಅಡಿಯಲ್ಲಿ ಹುಲ್ಲು ಬೆಳೆಯುವುದಿಲ್ಲ. ಜಿಂಕೆಗೂ ಮೇವಿಲ್ಲ, ದನಕ್ಕೂ ಮೇವಿಲ್ಲ. ಬೆಂಕಿ ಬೇಕೇ ಬೇಡವೇ, ಯಾವ ಕಾಡಿನಲ್ಲಿ ಎಷ್ಟು ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಆದರೆ ಬೆಂಕಿ ನಿಲ್ಲಿಸುವ ಮೊದಲು ಅದನ್ನು ಇಡುತ್ತಿದ್ದವರನ್ನು ಕರೆದು "ಯಾಕೆ ಇಡುತ್ತೀರಿ?" ಎಂದು ಕೇಳಿದ್ದರೆ ಸರಕಾರಕ್ಕೆ ನಷ್ಟವೇನೂ ಆಗುತ್ತಿರಲಿಲ್ಲ.

ದನಕ್ಕೂ ಕಾಡಿಗೂ ಇರುವ ನಂಟಿನ ಇನ್ನೊಂದು ಎಳೆ ಆಕಾಶದಲ್ಲಿದೆ. ತಾಳವಾಡಿ ಬೆಟ್ಟಗಳ ದಕ್ಷಿಣಕ್ಕೆ ಮೋಯಾರು ನದಿಯ ಕಣಿವೆ. ದಕ್ಷಿಣ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು ಇಂದಿಗೂ ಗೂಡು ಕಟ್ಟುವ ಕೆಲವೇ ಜಾಗಗಳಲ್ಲಿ ಅದೊಂದು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ಹದ್ದಿನ ಹೊಟ್ಟೆ ಸೇರಿ ದೇಶದ ರಣಹದ್ದುಗಳನ್ನೆಲ್ಲ ಬಹುಪಾಲು ಕೊಂದಿತು. ದನಗಳಿಗೆ ಆ ಔಷಧಿ ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ಹೀಗಾಗಿ ಕಣಿವೆಯ ರಣಹದ್ದು ಉಳಿಯಬೇಕಾದರೆ ಸುತ್ತಲ ಹಳ್ಳಿಗಳ ದನಗಾಹಿಯ ಸಹಕಾರ ಬೇಕು. ಅವನು ಯಾವ ಔಷಧಿ ಕೊಡುತ್ತಾನೆ, ಸತ್ತ ದನವನ್ನು ಹೂಳುತ್ತಾನೋ, ಬಯಲಿನಲ್ಲಿ ಬಿಡುತ್ತಾನೋ, ಹುಲಿಯ ಮೇಲಿನ ಸಿಟ್ಟಿಗೆ ವಿಷ ಹಾಕುತ್ತಾನೋ ಎಂಬುದರ ಮೇಲೆ ಹಕ್ಕಿಯ ಬದುಕು ನಿಂತಿದೆ. ಕಾಡಿನಿಂದ ಹೊರದಬ್ಬಿಸಿಕೊಂಡವನ ಬಳಿ ಹೋಗಿ ಸಹಕಾರ ಕೇಳುವುದು ಯಾವ ಮುಖದಿಂದ?

ಕಾನೂನಿನಲ್ಲೇ ಇರುವ ದಾರಿ

ವಿಚಿತ್ರವೆಂದರೆ, ಬೇಕಾದ ದಾರಿ ಕಾನೂನಿನಲ್ಲೇ ಇದೆ. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಕಾಡಿನಲ್ಲಿ ಬಾಳುವ ಸಮುದಾಯಗಳಿಗೆ ಮೇವಿನ ಹಕ್ಕು ಸ್ಪಷ್ಟವಾಗಿ ಹೇಳಿದೆ. ಹಕ್ಕಿನ ಜೊತೆಗೆ ಕಾಡನ್ನು, ವನ್ಯಜೀವಿಯನ್ನು ಕಾಯುವ ಹೊಣೆಯನ್ನೂ ಗ್ರಾಮಸಭೆಗೆ ಕೊಟ್ಟಿದೆ. ಬುಡಕಟ್ಟಿನವರಲ್ಲದವರು 75 ವರ್ಷಗಳ, ಮೂರು ತಲೆಮಾರಿನ ನೆಲೆಯನ್ನು ತೋರಿಸಬೇಕು. ಅದೇ 2006ರಲ್ಲಿ ವನ್ಯಜೀವಿ ಕಾಯಿದೆಗೆ ಸೇರಿಸಿದ ತಿದ್ದುಪಡಿ, ಹುಲಿ ಪ್ರದೇಶದ ಅಂಚಿನ ವಲಯದಲ್ಲಿ ಸ್ಥಳೀಯರ ಜೀವನೋಪಾಯದ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳನ್ನು ಮನ್ನಿಸಬೇಕು, ಅದರ ಗಡಿಯನ್ನು ಗ್ರಾಮಸಭೆಯೊಡನೆ ಸಮಾಲೋಚಿಸಿ ಗೊತ್ತುಮಾಡಬೇಕು ಎನ್ನುತ್ತದೆ. 'ಸಾಂಸ್ಕೃತಿಕ' ಎಂಬ ಮಾತು ಹುಲಿಯ ಕಾನೂನಿನಲ್ಲೇ ಇದೆ ಎಂಬುದನ್ನು ಓದುಗರು ಗಮನಿಸಬೇಕು.

ಆದರೆ ತಮಿಳುನಾಡಿನಲ್ಲಿ ಈ ಕಾಯಿದೆಯ ಹಕ್ಕುಪತ್ರಗಳು 2008ರ ಹೈಕೋರ್ಟಿನ ತಡೆಯಿಂದ ನಿಂತುಹೋದವು. ಸುಪ್ರೀಂ ಕೋರ್ಟು ಆ ತಡೆಯನ್ನು ತೆರವುಗೊಳಿಸಿದ್ದು 2016ರಲ್ಲಿ. ವನ್ಯಜೀವಿಧಾಮ ಬಂದದ್ದು, ಹಿಗ್ಗಿದ್ದು, ಹುಲಿ ಪ್ರದೇಶವಾದದ್ದು ಎಲ್ಲವೂ ಆ ನಡುವಿನ ಎಂಟು ವರ್ಷಗಳಲ್ಲೇ ಎಂಬುದನ್ನು ಲೆಕ್ಕ ಹಾಕಿ ನೋಡಿದರೆ ತಾಳವಾಡಿಯವರ ಅಸಮಾಧಾನದ ಮೂಲ ತಿಳಿಯುತ್ತದೆ. ಗಡಿ ಮೊದಲು ಬಂತು, ಹಕ್ಕು ಹಿಂದೆ ಉಳಿಯಿತು.

ಗಡಿಯಾಚೆಗೆ ಹೀಗಾಗಲಿಲ್ಲ. ಬಿಳಿಗಿರಿರಂಗನ ಬೆಟ್ಟ 2011ರ ಜನವರಿಯಲ್ಲಿ ಹುಲಿ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿನ 25 ಗ್ರಾಮಸಭೆಗಳ ಸೋಲಿಗರಿಗೆ ಸಾಮುದಾಯಿಕ ಹಕ್ಕು ದೊರೆಯಿತು. ದೇಶದಲ್ಲಿ ಹುಲಿ ಪ್ರದೇಶವೊಂದರ ತಿರುಳಿನಲ್ಲಿ ಅಂಥ ಹಕ್ಕು ದೊರೆತದ್ದು ಅದೇ ಮೊದಲು. ಆಮೇಲೆ ಹುಲಿಗಳು ಓಡಿಹೋದವೇ? ಇಲ್ಲ. 2010ರ ಎಣಿಕೆಯಲ್ಲಿ 35 ಇದ್ದವು, 2014ರಲ್ಲಿ 68 ಆದವು. ಹಕ್ಕು ಕೊಟ್ಟದ್ದರಿಂದಲೇ ಹೆಚ್ಚಿದವು ಎಂದು ನಾವು ಹೇಳುವುದಿಲ್ಲ. ಕೊಟ್ಟದ್ದರಿಂದ ಕಡಿಮೆಯಾಗಲಿಲ್ಲ ಎಂಬುದಂತೂ ನಿಜ. ಒಂದೇ ಕಾಡು, ಒಂದೇ ನುಡಿಯ ಒಂದೇ ಕುಲದ ಜನ. ನಡುವೆ ರಾಜ್ಯದ ಗಡಿಯೊಂದು ಹಾದುಹೋದುದರಿಂದ ಒಬ್ಬ ಸೋಲಿಗನಿಗೆ ಹಕ್ಕು, ಇನ್ನೊಬ್ಬನಿಗೆ ಕಾಯುವ ಸರದಿ.

ಇದರ ಮೇಲೆ ಭಾಷೆಯ ತೊಡಕು. ಮೇವಿನ ಹಕ್ಕು ಕೇಳುವವನು ಯಾವ ಬೆಟ್ಟ, ಯಾವ ಹಳ್ಳ, ಎಲ್ಲಿ ದೊಡ್ಡಿ, ಯಾವ ದೇವರ ಬನದಿಂದ ಆಚೆ ದನ ಹೋಗಬಾರದು ಎಂಬುದನ್ನೆಲ್ಲ ಬರೆದು ತೋರಿಸಬೇಕು. ಆ ಹೆಸರುಗಳೆಲ್ಲ ಇರುವುದು ಕನ್ನಡದಲ್ಲಿ, ಸೋಲಿಗ ನುಡಿಯಲ್ಲಿ. ಕಚೇರಿಯ ಕಾಗದ ತಮಿಳಿನಲ್ಲಿ, ನಕ್ಷೆ ಇಂಗ್ಲಿಷಿನಲ್ಲಿ. ಊರ ಹೆಸರೇ ಕಾಗದದಲ್ಲಿ ಗುರುತು ಸಿಗದಂತಾಗುವುದನ್ನು ಕಾಸರಗೋಡಿನವರಾದ ನಾವು ಕಂಡಿದ್ದೇವೆ. ಊರ ಹೆಸರಿಗೇ ಆ ಗತಿಯಾದರೆ ದನದ ದಾರಿಯ ಹೆಸರಿನ ಪಾಡೇನು?

ನಮ್ಮ ಹಟ್ಟಿಯ ಮಾತು

ಇದೆಲ್ಲ ಬೆಟ್ಟದವರ ಕಷ್ಟ, ನಮಗೇನು ಎನ್ನುವವರಿಗೆ ಮೂರು ಸಂಗತಿ ನೆನಪಿಸಬೇಕು.

ಒಂದು, ಕುಮ್ಕಿ. ವರ್ಗ ಜಮೀನಿಗೆ ತಾಗಿದ ಸರಕಾರಿ ಗುಡ್ಡೆಯಿಂದ ಸೊಪ್ಪು, ಕಟ್ಟಿಗೆ, ಮೇವು ತರಲು ಹಳೆಯ ದಕ್ಷಿಣ ಕನ್ನಡದ ಕೃಷಿಕನಿಗಿದ್ದ ಸವಲತ್ತು ಅದು. ಕುಮ್ಕಿಯ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ತೋಟಕ್ಕೆ. ಈ ಸುತ್ತಿನಿಂದಲೇ ನಮ್ಮ ಕಂಗು ಬೆಳೆದದ್ದು. ಗುಡ್ಡೆ ಇಲ್ಲದೆ ತೋಟವಿಲ್ಲ ಎಂಬುದನ್ನು ನಮ್ಮ ಹಿರಿಯರು ಹೇಗೆ ತಿಳಿದಿದ್ದರೋ, ಹಾಗೆಯೇ ಕಾಡು ಇಲ್ಲದೆ ಹೊಲವಿಲ್ಲ ಎಂಬುದನ್ನು ತಾಳವಾಡಿಯವರು ತಿಳಿದಿದ್ದಾರೆ.

ಎರಡು, ಕಾಸರಗೋಡು ಗಿಡ್ಡ. ಗುಡ್ಡೆ, ಪದವುಗಳಲ್ಲಿ ಸಿಕ್ಕಿದ್ದನ್ನು ಮೇದು ಬದುಕುತ್ತಿದ್ದ ನಮ್ಮ ಸಣ್ಣ ದನ. ಪದವು ರಬ್ಬರಾಯಿತು, ಗುಡ್ಡೆಗೆ ಬೇಲಿ ಬಂತು, ಹಟ್ಟಿಗೆ ಮಿಶ್ರತಳಿ ಬಂತು. ಈಗ ಗಿಡ್ಡವನ್ನು ಉಳಿಸಲು ಪ್ರತ್ಯೇಕ ಯೋಜನೆಗಳು ಬೇಕಾಗಿವೆ. ಮೇವಿನ ಜಾಗ ಹೋದ ಮೇಲೆ ತಳಿ ಉಳಿಯುವುದು ಎಷ್ಟು ಕಷ್ಟ ಎಂಬುದನ್ನು ಬರಗೂರಿನವರು ನಮ್ಮನ್ನು ನೋಡಿ ಕಲಿಯಬಹುದು.

ಮೂರು, ಪಡ್ರೆಯ ಕರುಗಳು. ಎಣ್ಮಕಜೆಯ ಪಡ್ರೆ ಪ್ರದೇಶದಲ್ಲಿ ಕಾಲು ಸೊಟ್ಟಗಿರುವ ಕರುಗಳು ಹುಟ್ಟುತ್ತಿವೆ ಎಂದು ಕೃಷಿಕರು ಗಮನಿಸಿದ್ದು 1979ರಲ್ಲಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದ ಕಾಲ. ಪತ್ರಕರ್ತ ಶ್ರೀಪಡ್ರೆಯವರು ಆ ಬಗ್ಗೆ ಆಗಲೇ ಬರೆದರು. ಸಿಂಪಡಣೆ ನಿಂತದ್ದು 2000ದ ಅಂತ್ಯಕ್ಕೆ, ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆದದ್ದು 2011ರಲ್ಲಿ. ನಡುವಿನ ವರ್ಷಗಳ ಬೆಲೆಯನ್ನು ನಮ್ಮ ಮಕ್ಕಳು ತೆತ್ತರು. ಹಟ್ಟಿಗೆ ದಿನಾ ಹೋಗುವವನಿಗೆ ಮೊದಲು ಕಂಡದ್ದು ಪ್ರಯೋಗಾಲಯಕ್ಕೆ ಕಾಣಲು ಇಪ್ಪತ್ತು ವರ್ಷ ಹಿಡಿಯಿತು. ಊರವರ ಮಾತನ್ನು ಕೇಳದ ಪರಿಸರ ನೀತಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಕಾಗಿಲ್ಲ.

ಏನು ಮಾಡಬಹುದು?

ತಾಳವಾಡಿಯ ಕಾಡಿಗೆ ದನಗಳನ್ನು ಲೆಕ್ಕವಿಲ್ಲದೆ ಬಿಡಬೇಕು ಎಂದು ನಾವು ವಾದಿಸುತ್ತಿಲ್ಲ. ಯಾವ ಊರಿನ ಎಷ್ಟು ದನ, ಯಾವ ತಿಂಗಳು, ಯಾವ ಹಳ್ಳದವರೆಗೆ ಎಂಬುದನ್ನು ಗ್ರಾಮಸಭೆ ಮತ್ತು ಇಲಾಖೆ ಕೂಡಿ ಕೂತು ಬರೆಯಲಿ, ಕನ್ನಡದಲ್ಲೂ ಬರೆಯಲಿ. ಕಾಡಿಗೆ ಹೋಗುವ ದನಗಳಿಗೆ ರೋಗದ ಚುಚ್ಚುಮದ್ದು ಕಡ್ಡಾಯವಾಗಲಿ, ಅದರ ಖರ್ಚು ಸರಕಾರದ್ದಾಗಲಿ. ಲಾರಿಯಲ್ಲಿ ಹೊರಹೋಗುವ ಸೆಗಣಿಯ ವ್ಯಾಪಾರಕ್ಕೆ ಮಿತಿ ಬರಲಿ, ಊರ ಹೊಲಕ್ಕೆ ಹೋಗುವ ಸೆಗಣಿಗೆ ಬೇಡ. ಲಂಟಾನ ಕಿತ್ತ ಜಾಗದಲ್ಲಿ ಹುಲ್ಲು ಬರಿಸುವ ಕೆಲಸವನ್ನು ಸೋಲಿಗರಿಗೂ ಊರಾಳಿಗರಿಗೂ ಕೂಲಿಗೆ ಕೊಟ್ಟರೆ ಸಾಲದು, ಎಲ್ಲಿ ಹೇಗೆ ಎಂದು ಹೇಳುವ ಅಧಿಕಾರವನ್ನೂ ಕೊಡಬೇಕು. ಹುಲಿ ಹಿಡಿದ ದನಕ್ಕೆ ಪರಿಹಾರ ತಡವಾಗದೆ ಸಿಗಬೇಕು. ಇವು ದೊಡ್ಡ ಮಾತುಗಳಲ್ಲ, ಈಗಿರುವ ಕಾನೂನಿನೊಳಗೇ ಮಾಡಬಹುದಾದವು.

ನಮ್ಮ ಮಿತ್ರರು ಮೊನ್ನೆ ಮತ್ತೆ ಬಂದಿದ್ದರು. ಇಷ್ಟನ್ನೆಲ್ಲ ಅವರಿಗೆ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಆ ರಾಶಿ ವರ್ಷ ವರ್ಷ ಎಷ್ಟು ದೊಡ್ಡದಾಗ್ತದೆ, ಸಣ್ಣದಾಗ್ತದೆ ಅಂತ ಯಾರಾದರೂ ಅಳೆದಿದ್ದಾರಾ?" ಎಂದು ಕೇಳಿದರು.

ಒಳ್ಳೆಯ ಪ್ರಶ್ನೆ. ಹುಲಿಯ ಎಣಿಕೆಗೆ ನಮ್ಮಲ್ಲಿ ಕ್ಯಾಮರಾಗಳಿವೆ, ಅದು ಬೇಕಾದದ್ದೇ. ಗುಮಟಾಪುರದವರು ಪ್ರತಿ ದೀಪಾವಳಿಗೆ ತಮ್ಮ ಊರಿನಲ್ಲಿ ಎಷ್ಟು ದನ ಉಳಿದಿದೆ ಎಂಬುದರ ಲೆಕ್ಕವನ್ನು ಗುಡಿಯ ಬಳಿ ಎಲ್ಲರೂ ನೋಡುವಂತೆ ರಾಶಿ ಹಾಕುತ್ತಾರೆ. ಅಧಿಕಾರಿಗಳು ಒಂದು ವರ್ಷ ಆ ಹಬ್ಬಕ್ಕೆ ಹೋಗಲಿ. ಸೆಗಣಿ ಎಸೆದಾಡಬೇಕಾಗಿಲ್ಲ, ಜಗಲಿಯ ಮೇಲೆ ನಿಂತು ನೋಡಿ, ಆಮೇಲೆ ಊರವರೊಡನೆ ಕೂತು ದನ ಎಲ್ಲಿ ಮೇಯುತ್ತದೆ ಎಂದು ಕೇಳಿ ಬಂದರೂ ಸಾಕು.